ನೀರು ಕುಡಿಸಬಾರದ ಹಲ್ಲು

ಖರ್ಜೂರದ ಮರ ಕಡಿಯುವುದು ಕಷ್ಟವಲ್ಲ. ಕಡಿದ ಮೇಲೆ ಉಳಿಯುವ ಬುಡ ತೆಗೆಯುವುದೇ ಕಷ್ಟ. ದೋಹಾದಲ್ಲಿ ತೋಟದ ಕೆಲಸ ಮಾಡುವ ನಮ್ಮವರಿಗೆಲ್ಲ ಇದು ಗೊತ್ತು. ಆ ಬುಡದಲ್ಲಿ ಮರಕ್ಕಿಂತ ಮರಳೇ ಹೆಚ್ಚು. ನಾರು, ಬೇರು, ನಡುವೆ ಕಲ್ಲು, ಒಮ್ಮೊಮ್ಮೆ ಹಳೆಯ ನೀರಿನ ಪೈಪಿನ ತುಂಡು. ಬುಡ ಅರೆಯುವ ಯಂತ್ರದ ಚಕ್ರ ಇವೆಲ್ಲದರ ಮೇಲೆ ತಿರುಗಬೇಕು. ಚಕ್ರದ ಸುತ್ತ ಬೋಲ್ಟಿನಿಂದ ಬಿಗಿದ ಹಲ್ಲುಗಳಿರುತ್ತವೆ. ಪ್ರತಿ ಹಲ್ಲಿನ ತುದಿಗೂ ಕಾರ್ಬೈಡ್ ಎಂಬ ವಸ್ತುವಿನ ಸಣ್ಣ ತುಂಡೊಂದನ್ನು ಬೆಸೆದಿರುತ್ತಾರೆ. ಅದು ಉಕ್ಕಿಗಿಂತ ಗಟ್ಟಿ. ಆದರೂ ಇಲ್ಲಿಯ ಮರಳಿನಲ್ಲಿ ಅದು ಬೇಗನೆ ಮೊಂಡಾಗುತ್ತದೆ.

ಮೊಂಡು ಹಲ್ಲು ಬುಡವನ್ನು ಅರೆಯುವುದಿಲ್ಲ, ಬುಡದ ಮೇಲೆ ಕುಣಿಯುತ್ತದೆ. ಯಂತ್ರ ಹಿಡಿದವನ ಕೈ ಜೋಮು ಹಿಡಿಯುತ್ತದೆ. ಕೆಲಸ ಮುಗಿಯುವುದಿಲ್ಲ, ಬೈಗುಳ ತಪ್ಪುವುದಿಲ್ಲ. ಆಗ ಯಾರಾದರೂ ಒಬ್ಬ, "ಬಿಡಿ, ನಾನೇ ಮಸೆದು ಕೊಡ್ತೇನೆ" ಎಂದು ಮುಂದೆ ಬರುತ್ತಾನೆ.

ತೊಂಬತ್ತಾರನೆಯ ಇಸವಿಯ ಬೇಸಗೆಯಲ್ಲಿ ಹಾಗೆ ಮುಂದೆ ಬಂದವನು ದುಗ್ಗು ಪೂಜಾರಿ.

ಅವನ ಕಂಪನಿಗೆ ಅಲ್ ಅಜೀಜಿಯಾದಲ್ಲಿ ಒಂದು ರಸ್ತೆಯ ಬದಿಯ ಹಳೆಯ ಮರಗಳ ಬುಡ ತೆಗೆಯುವ ಕೆಲಸ ಸಿಕ್ಕಿತ್ತು. ದುಗ್ಗುವಿನ ತಂದೆ ಊರಿನಲ್ಲಿ ಕಳ್ಳು ಇಳಿಸುತ್ತಿದ್ದವರು. ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ, ಕತ್ತಿಯನ್ನು ಕೂದಲು ಸೀಳುವಷ್ಟು ಹರಿತ ಮಾಡುವುದನ್ನು ಅವನು ತಂದೆಯಿಂದ ಕಲಿತಿದ್ದ. ಕತಾರಿಗೆ ಬಂದ ಮೇಲೆ ಅವನ ಕೈಗೆ ಸಿಕ್ಕಿದ್ದು ಗುದ್ದಲಿ. ಬಿಸಿಲಿನಲ್ಲಿ ಅಗೆದು ಅಗೆದು ಅವನ ಬೆನ್ನಿನ ಚರ್ಮ ಸುಲಿದಿತ್ತು. ಹಲ್ಲು ಮಸೆಯುವ ಕೆಲಸ ಸಿಕ್ಕಿದ ಮೇಲೆ ಅವನು ಬಿಸಿಲಿನಿಂದ ವರ್ಕ್‌ಶಾಪಿನ ತಗಡಿನ ಮಾಡಿನ ಅಡಿಗೆ ಬಂದ. ಅಲ್ಲಿ ಮಸೆಯುವ ಕಲ್ಲು ತಿರುಗಿಸುವ ಗ್ರೈಂಡರ್ ಇತ್ತು, ಒಂದು ಫ್ಯಾನ್ ಇತ್ತು. ಕುಡಿಯಲು ತಣ್ಣೀರಿನ ಡ್ರಮ್ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ ನೆರಳಿತ್ತು.

ಆ ನೆರಳನ್ನು ಬಿಟ್ಟುಕೊಡಲು ದುಗ್ಗು ತಯಾರಿರಲಿಲ್ಲ. ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು.

ದೋಹಾ ಅಲ್ ಜದೀದಾದ ಒಂದು ಹಳೆಯ ಕಟ್ಟಡದಲ್ಲಿ ಅವನ ಕೋಣೆ. ಶುಕ್ರವಾರ ರಜೆ. ಆ ದಿನ ಅವನು ಮೆಟ್ಟಿಲ ಬುಡದಲ್ಲಿ ಹಲಗೆ ಹಾಕಿ ಕೂತು, ಕಟ್ಟಡದವರ ಅಡುಗೆ ಚೂರಿಗಳನ್ನು ಮಸೆದುಕೊಡುತ್ತಿದ್ದ. ಒಂದು ಶುಕ್ರವಾರ ಮೇಲಿನ ಮಹಡಿಯ ಐವಿ ಮೀನಿನ ಚೂರಿ ಹಿಡಿದು ಇಳಿದು ಬಂದಳು. ಅವಳು ಮಂಗಳೂರಿನವಳು, ಆಸ್ಪತ್ರೆಯ ಕಣ್ಣಿನ ವಾರ್ಡಿನಲ್ಲಿ ನರ್ಸ್.

"ದುಗ್ಗಣ್ಣ, ಕಣ್ಣು ಎಂತ ಇಷ್ಟು ಕೆಂಪು? ನಿನ್ನೆ ಎಲ್ಲಿಯಾದ್ರೂ ಪಾರ್ಟಿ ಇತ್ತಾ?"

"ಎಂತ ಪಾರ್ಟಿ ಬಾಯಮ್ಮ! ಕಳ್ಳು ಇಳಿಸುವವನ ಮಗ, ಬಂದು ಬಂದು ಕುಡಿಯಲಿಕ್ಕೇ ಸಿಗದ ಇಂಥಾ ಊರಿಗೆ ಬಂದು ಬಿದ್ದಿದ್ದೇನೆ. ಅದು ಗ್ರೈಂಡರಿನ ಕಿಡಿ."

"ಕನ್ನಡಕ ಹಾಕುದಿಲ್ವಾ?"

"ಒಂದು ಹಳೇದು ಉಂಟು. ಹಾಕಿದ್ರೆ ಬೆವರಿನ ಹಬೆ ಕೂತು ಎಂತದೂ ಕಾಣುದಿಲ್ಲ. ಕಾಣದೆ ಮಸೆದ್ರೆ ಬೆರಳು ಹೋಗ್ತದೆ. ಬೆರಳು ಬೇಕಾ, ಕಣ್ಣು ಬೇಕಾ, ನೀವೇ ಹೇಳಿ."

"ಎರಡೂ ಬೇಕು ಮಾರಾಯ. ಬದಿಯಲ್ಲಿ ಗಾಳಿ ಆಡ್ಲಿಕ್ಕೆ ತೂತು ಇರುವ ಕನ್ನಡಕ ಬರ್ತದೆ. ಅದಕ್ಕೆ ಹಬೆ ಅಷ್ಟು ಕೂರುದಿಲ್ಲ. ಆಫೀಸಲ್ಲಿ ಕೇಳು."

ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದ ಪೊಡಿಯಬ್ಬ ನಕ್ಕರು. ಅವರು ದುಗ್ಗುವಿನ ಕೋಣೆಯವರು, ಅದೇ ಕಂಪನಿಯ ಸ್ಟೋರ್ ನೋಡಿಕೊಳ್ಳುವವರು, ಕೋಣೆಗೆಲ್ಲ ಹಿರಿಯರು. ಯಾರ ಕಣ್ಣಿಗೆ ಕಸ ಬಿದ್ದರೂ ಅವರ ಹತ್ತಿರವೇ ಓಡುತ್ತಿದ್ದರು. ಅವರು ರೆಪ್ಪೆ ಮಗುಚಿ ನಾಲಿಗೆಯ ತುದಿಯಿಂದ ಒಮ್ಮೆ ಸವರಿದರೆ ಕಸ ಹೊರಗೆ. ಊರಿನಲ್ಲಿ ಅವರ ಅಜ್ಜಿಯೂ ಹಾಗೆಯೇ ಮಾಡುತ್ತಿದ್ದರಂತೆ.

"ನಾನು ಇರುವಾಗ ಇವನಿಗೆ ಕನ್ನಡಕ ಯಾಕೆ ಸಿಸ್ಟರ್? ಈ ನಾಲಿಗೆ ಎಷ್ಟು ಜನರ ಕಣ್ಣು ಉಳಿಸಿದೆ ಗೊತ್ತುಂಟಾ?"

"ಬ್ಯಾರಿಗಳೇ, ನೆಕ್ಕುದು ದನ ಕರುವಿಗೆ ಮಾಡುವ ಕೆಲಸ."

"ದನಕ್ಕೆ ಇರುವಷ್ಟು ಪ್ರೀತಿ ನಂಗಿಲ್ವಾ?"

ಮೆಟ್ಟಿಲಿನಲ್ಲಿದ್ದವರೆಲ್ಲ ನಕ್ಕರು. ಐವಿ ನಗಲಿಲ್ಲ.

"ತಮಾಷೆ ಅಲ್ಲ. ಗಾಳಿಗೆ ಹಾರಿದ ಧೂಳು ಕಣ್ಣಿನ ಮೇಲೆ ಕೂರ್ತದೆ. ಗ್ರೈಂಡರಿಂದ ಹಾರಿದ್ದು ಕಣ್ಣಿನ ಒಳಗೇ ಹೋಗ್ತದೆ. ಒಳಗೆ ಹೋದದ್ದು ಕೆಲವು ಸಲ ಜೋರು ನೋಯುದೂ ಇಲ್ಲ, ಅದೇ ಮೋಸ. ಅದಕ್ಕೆ ನಾಲಿಗೆ ಇಲ್ಲ, ಲುಂಗಿಯ ತುದಿ ಇಲ್ಲ, ಪನ್ನೀರು ಇಲ್ಲ. ಉಜ್ಜದೆ ಸೀದಾ ಆಸ್ಪತ್ರೆಗೆ ಬರಬೇಕು."

"ಆಯ್ತು ಬಾಯಮ್ಮ, ಆಯ್ತು," ಎಂದು ದುಗ್ಗು ಚೂರಿಯನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಅಲಗಿನ ಉದ್ದಕ್ಕೂ ನೋಡಿದ. "ತಗೊಳ್ಳಿ. ಅಂಜಲ್ ಮೀನು ಮಾತ್ರ ಅಲ್ಲ, ಅದರ ಮುಳ್ಳೂ ತುಂಡಾಗ್ತದೆ."

ಮರುದಿನ ಅವನು ಆಫೀಸಿನಲ್ಲಿ ಕನ್ನಡಕ ಕೇಳಲಿಲ್ಲ.

ಕೇಳದೆ ಇರುವುದಕ್ಕೆ ಅವನಿಗೆ ಕಾರಣವಿತ್ತು. ಆ ಕಾರಣ ಮೂರ್ಖತನದ್ದು ಎಂದು ಸುಲಭವಾಗಿ ಹೇಳಿಬಿಡಬಾರದು. ಹಿಂದೊಮ್ಮೆ ಗ್ರೈಂಡರಿನ ಬೆಲ್ಟ್ ಹರಿದಾಗ ಮ್ಯಾನೇಜರು, "ಇದರದ್ದು ಪಿರಿಪಿರಿ ಜಾಸ್ತಿಯಾದರೆ ಮಸೆಯುವುದನ್ನು ಹೊರಗಿನ ಅಂಗಡಿಗೆ ಕೊಟ್ಟುಬಿಡುವ. ಇವನು ಪುನಃ ಅಜೀಜಿಯಾಕ್ಕೆ ಅಗೆಯಲು ಹೋಗಲಿ" ಎಂದಿದ್ದರು. ಆ ಮಾತು ದುಗ್ಗುವಿನ ಎದೆಯಲ್ಲಿ ಕೂತಿತ್ತು. ಅಂದಿನಿಂದ ಅವನು ಏನನ್ನೂ ಕೇಳುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನೆರಳು ಉಳಿಯುತ್ತದೆ ಎಂದು ಅವನ ಲೆಕ್ಕ.

ಗ್ರೈಂಡರಿನ ಒಂದು ಬದಿಗೆ ಹಸಿರು ಕಲ್ಲು, ಇನ್ನೊಂದು ಬದಿಗೆ ಬೂದು ಕಲ್ಲು ಇರುತ್ತಿತ್ತು. ಕಾರ್ಬೈಡಿಗೆ ಹಸಿರು ಕಲ್ಲೇ ಬೇಕು. ಬೂದು ಕಲ್ಲು ಕಬ್ಬಿಣಕ್ಕೆ. ಹಸಿರು ಕಲ್ಲು ಸವೆದು ಸವೆದು ಮುಗಿದುಹೋಯಿತು. ದುಗ್ಗು ಅದನ್ನೂ ಹೇಳಲಿಲ್ಲ. ಬೂದು ಕಲ್ಲಿನಲ್ಲೇ ಮಸೆಯತೊಡಗಿದ.

ಯಂತ್ರ ನಡೆಸುವ ಯೂಸುಫ್ ಒಂದು ದಿನ ಬಿಸ್ಕತ್ತಿನ ಡಬ್ಬಿಯಲ್ಲಿ ಹಲ್ಲುಗಳನ್ನು ತುಂಬಿಕೊಂಡು ವರ್ಕ್‌ಶಾಪಿಗೆ ಬಂದ. ಅವನು ಊರಿನಲ್ಲಿ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತವನು.

"ದುಗ್ಗಣ್ಣ, ಇದು ನೋಡು. ತುದಿಯಲ್ಲಿ ಕೂದಲಿನಷ್ಟು ಗೆರೆ ಕಾಣ್ತದಾ? ಬಿರುಕು. ಮೊನ್ನೆ ಎರಡು ಹಲ್ಲಿನ ತುದಿ ಹಾರಿ ಹೋಗಿದೆ. ನೀನು ನೀರಿಗೆ ಅದ್ದುತ್ತೀಯಾ?"

"ಅದ್ದದೆ ಮತ್ತೆ? ಕಾದ ಅಲಗಿಗೆ ನೀರು ಕುಡಿಸದಿದ್ರೆ ಹದ ಹೋಗ್ತದೆ. ಇದು ನಂಗೆ ನೀನು ಕಲಿಸ್ಬೇಕಾ?"

"ಕತ್ತಿಗೆ ಸರಿ. ಇದು ಕತ್ತಿ ಅಲ್ಲ ಮಾರಾಯ. ಬಿಸಿ ಚಹಾ ಇದ್ದ ಗಾಜಿನ ಲೋಟಕ್ಕೆ ಐಸ್ ನೀರು ಹೊಯ್ದ್ರೆ ಎಂತ ಆಗ್ತದೆ? ಅದೇ ಇದಕ್ಕೂ ಆಗುದು. ಹಗುರಕ್ಕೆ ಹಿಡಿದು, ಸ್ವಲ್ಪ ಮಸೆದು, ಬದಿಗಿಟ್ಟು ಗಾಳಿಗೆ ಆರ್ಲಿಕ್ಕೆ ಬಿಡಬೇಕು. ಹಸಿರು ಕಲ್ಲು ಎಲ್ಲಿ?"

ಯೂಸುಫ್ ಗ್ರೈಂಡರಿನ ಹತ್ತಿರ ಹೋಗಿ ನೋಡಿದ.

"ಬೂದು ಕಲ್ಲಿನಲ್ಲಿ ಮಸೆಯುದಾ? ಅದು ಕಾರ್ಬೈಡನ್ನು ತಿನ್ನುದಿಲ್ಲ. ತಿನ್ನದಿದ್ರೆ ನೀನು ಒತ್ತುತ್ತೀ. ಒತ್ತಿದ್ರೆ ಕಾಯ್ತದೆ. ಕಾದದ್ದಕ್ಕೆ ನೀರು. ನೀರಿಗೆ ಬಿರುಕು. ಬಿರುಕು ಬಿಟ್ಟದ್ದನ್ನು ಮತ್ತೆ ಕಲ್ಲಿಗೆ ಒತ್ತಿದ್ರೆ ಅದು ಎಲ್ಲಿಗೆ ಹಾರ್ತದೆ ಹೇಳು? ನಿನ್ನ ಮುಖಕ್ಕೇ. ಅದರ ಪುಡಿ ಕೂಡ ಎದೆಗೆ ಒಳ್ಳೇದಲ್ಲ, ಮೂಗಿಗೆ ಮಾಸ್ಕ್ ಬೇಕು. ನಾನು ಮ್ಯಾನೇಜರಿಗೆ ಹೇಳ್ತೇನೆ."

"ಬೇಡ ಯೂಸುಫ್!" ದುಗ್ಗು ಅವನ ಕೈ ಹಿಡಿದುಕೊಂಡ. "ಹೇಳಿದ್ರೆ ಇದನ್ನು ಹೊರಗೆ ಕೊಡ್ತಾರೆ. ನಾನು ಪುನಃ ಬಿಸಿಲಿಗೆ. ನೀನು ಮೆಷಿನ್ ಹಿಡಿಯುವವ, ಗುದ್ದಲಿ ಹಿಡಿದವರ ಕಷ್ಟ-ಬಂಙ ನಿಂಗೆ ಗೊತ್ತಿಲ್ಲ. ತಿಂಗಳ ಕೊನೆಗೆ ನಾನೇ ಹೇಗಾದ್ರೂ ಕಲ್ಲು ಕೇಳ್ತೇನೆ."

ಯೂಸುಫ್ ಅವನ ಬೆನ್ನನ್ನು ನೋಡಿದ್ದ. ಸುಲಿದ ಚರ್ಮ ಕಲೆಯಾಗಿ ಉಳಿದದ್ದನ್ನು ನೋಡಿದ್ದ. ಸುಮ್ಮನಾದ. ಡಬ್ಬಿಯನ್ನು ಅಲ್ಲೇ ಇಟ್ಟು ಹೋದ. ಗೆಳೆತನಕ್ಕಾಗಿ ಸುಮ್ಮನಾದದ್ದು ಗೆಳೆಯನಿಗೆ ಒಳ್ಳೆಯದಾಗಲಿಲ್ಲ.

ಬುಧವಾರ ಮಧ್ಯಾಹ್ನ ದುಗ್ಗು ಅದೇ ಡಬ್ಬಿಯಿಂದ ಒಂದು ಹಲ್ಲು ತೆಗೆದ. ಬೂದು ಕಲ್ಲಿಗೆ ಒತ್ತಿದ. ಕಾದಾಗ ನೀರಿಗೆ ಅದ್ದಿದ. ಚುಂಯ್ ಎಂದಿತು. ಮತ್ತೆ ಒತ್ತಿದ. ಟಿಕ್ ಎಂದು ಒಂದು ಸಣ್ಣ ಸದ್ದಾಯಿತು. ಎಡಗಣ್ಣಿಗೆ ಇರುವೆ ಕಚ್ಚಿದ ಹಾಗಾಯಿತು. ಹಳೆಯ ಕನ್ನಡಕ ಅವನ ಹಿಂದೆ ಮೊಳೆಯಲ್ಲಿ ನೇತಾಡುತ್ತಿತ್ತು.

"ಕಾಕಾ, ಕಣ್ಣಿಗೆ ಎಂತದೋ ಬಿತ್ತು!"

ಪೊಡಿಯಬ್ಬ ಸ್ಟೋರಿನಿಂದ ಓಡಿ ಬಂದರು. ಅವನನ್ನು ಸ್ಟೂಲಿನ ಮೇಲೆ ಕೂರಿಸಿದರು. ಬಾಯಿ ಮುಕ್ಕಳಿಸಿದರು. ಎರಡು ಕೈಗಳಲ್ಲಿ ಅವನ ಮುಖ ಹಿಡಿದು, ರೆಪ್ಪೆ ಮಗುಚಿ, ತಾಯಿ ಮಗುವಿಗೆ ಮಾಡುವಷ್ಟು ಮೃದುವಾಗಿ ನಾಲಿಗೆಯಿಂದ ಸವರಿದರು. ಅವರ ನಾಲಿಗೆಯ ಮೇಲೆ ಒಂದು ಕಪ್ಪು ಕಣ ಬಂತು. ಅದನ್ನು ಅಂಗೈಗೆ ತೆಗೆದು ತೋರಿಸಿದರು.

"ನೋಡು, ಬಂತು! ಖಲಾಸ್. ಇನ್ನು ಎಂತದೂ ಇಲ್ಲ."

ಬಂದದ್ದು ಕಲ್ಲಿನ ಪುಡಿ. ಕಾರ್ಬೈಡಿನ ಚೂರು ಕಣ್ಣಿನ ಒಳಗೇ ಇತ್ತು. ನೋವು ಹೆಚ್ಚಿರಲಿಲ್ಲ. ದುಗ್ಗು ಎದ್ದು ಉಳಿದ ಹಲ್ಲುಗಳನ್ನೂ ಮಸೆದು ಮುಗಿಸಿದ.

ಮರುದಿನ ಬೆಳಿಗ್ಗೆ ಆ ಕಣ್ಣಿಗೆ ಎಲ್ಲವೂ ಹೊಗೆಯ ಹಿಂದೆ ಇದ್ದ ಹಾಗೆ ಕಂಡಿತು. ಪೊಡಿಯಬ್ಬ ಪನ್ನೀರು ಬಿಟ್ಟರು. ಸಂಜೆಗೆ ನೋವು ತಲೆಗೆ ಏರಿತು. ಆಗ ಅವನು ಒಂದು ಕ್ಲಿನಿಕ್ಕಿಗೆ ಹೋದ. ಅಲ್ಲಿ ಡಾಕ್ಟರು, "ಏನು ಬಿತ್ತು?" ಎಂದು ಕೇಳಿದರು.

"ಮರಳು," ಎಂದ ದುಗ್ಗು.

ಗ್ರೈಂಡರ್ ಎಂದರೆ ಆಫೀಸಿಗೆ ಗೊತ್ತಾಗುತ್ತದೆ, ಆಫೀಸಿಗೆ ಗೊತ್ತಾದರೆ ನೆರಳು ಹೋಗುತ್ತದೆ ಎಂದು ಅವನು ಹೆದರಿದ್ದ. ಈ ಊರಿನಲ್ಲಿ ಕಣ್ಣಿಗೆ ಮರಳು ಬೀಳದವರು ಯಾರಿದ್ದಾರೆ? ಡಾಕ್ಟರು ಮರಳಿಗೆ ಕೊಡುವ ಔಷಧಿ ಕೊಟ್ಟು ಕಳುಹಿಸಿದರು. ಮೂರು ಅಕ್ಷರದ ಒಂದು ಸುಳ್ಳು. ಕಣ್ಣು ಉಳಿಯಬಹುದಾಗಿದ್ದ ಸಮಯ ಅದರಲ್ಲಿ ಹೋಯಿತು.

ಶುಕ್ರವಾರ ಐವಿ ಮೆಟ್ಟಿಲು ಇಳಿದು ಬಂದಾಗ ಹಲಗೆ ಹಾಕಿರಲಿಲ್ಲ. ಅವಳು ಕೋಣೆಯ ಬಾಗಿಲು ತಟ್ಟಿದಳು. ದುಗ್ಗು ಚಾಪೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಈಚೆ ತಿರುಗು ದುಗ್ಗಣ್ಣ."

"ಕಣ್ಣಿಗೆ ಮರಳು ಬಿತ್ತು ಬಾಯಮ್ಮ," ಎನ್ನುತ್ತಾ ಅವನು ತಿರುಗಿದ. ಐವಿಯ ಕೈಯಲ್ಲಿದ್ದ ಚೂರಿ ಕೆಳಗೆ ಬಿತ್ತು.

"ಇದು ಯಾವ ಮರಳು? ನಿಜ ಹೇಳು."

"ಹಲ್ಲು ಮಸೆಯುವಾಗ…"

"ಅಯ್ಯೋ ದೇವರೇ. ನಿಂಗೆ ಎಷ್ಟು ಬಡ್ಕೊಂಡಿದ್ದೆ! ಯಲ್ಲಾ, ಏಳು. ಅಂಗಿ ಬದಲಿಸುದು ಬೇಡ, ಹಾಗೇ ಬಾ."

ಟ್ಯಾಕ್ಸಿಯಲ್ಲಿ ಅವಳೇ ಕರೆದುಕೊಂಡು ಹೋದಳು. ಎಕ್ಸ್‌ರೇಯಲ್ಲಿ ಕಣ್ಣಿನ ಒಳಗೆ ಒಂದು ಬಿಳಿಯ ಚುಕ್ಕೆ ಕಂಡಿತು, ಸಾಸಿವೆಗಿಂತ ಸಣ್ಣದು. ಆಪರೇಷನ್ ಮಾಡಿ ಚೂರನ್ನು ತೆಗೆದರು. ಆದರೆ ಒಳಗೆಲ್ಲ ಕೀವು ತುಂಬಿತ್ತು. ಕೊನೆಗೆ ಬಲಗಣ್ಣಿಗೆ ಏನೂ ಆಗದಿರಲಿ ಎಂದು ಎಡಗಣ್ಣನ್ನೇ ತೆಗೆಯಬೇಕಾಯಿತು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಪೊಡಿಯಬ್ಬ ಕೂತಿದ್ದರು. ಐವಿ ಹೊರಗೆ ಬಂದಾಗ ಎದ್ದು ನಿಂತರು.

"ನನ್ನ ನಾಲಿಗೆಯಿಂದಲಾ ಸಿಸ್ಟರ್?"

ಇಲ್ಲ ಎಂದುಬಿಡಬಹುದಿತ್ತು. ಐವಿ ಹಾಗೆ ಹೇಳಲಿಲ್ಲ.

"ಚೂರು ಹೋದದ್ದು ಗ್ರೈಂಡರಿಂದ. ಕೀವು ಅದರಿಂದಲೋ, ನಿಮ್ಮ ಬಾಯಿಂದಲೋ, ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ 'ಬಂತು, ಖಲಾಸ್' ಅಂತ ನೀವು ಹೇಳಿದ್ರಿ. ಅವ ನಿಮ್ಮನ್ನು ನಂಬಿದ."

ಪೊಡಿಯಬ್ಬ ಪುನಃ ಬೆಂಚಿನ ಮೇಲೆ ಕೂತರು. ಆಮೇಲೆ ಅವರು ಯಾರ ಕಣ್ಣನ್ನೂ ಮುಟ್ಟಲಿಲ್ಲ. ಈಗಲೂ ಹುಡುಗರು ಕಣ್ಣು ಉಜ್ಜುತ್ತಾ ಬಂದರೆ ಅವರು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. "ಉಜ್ಜಬೇಡ ಮೋನೇ, ಆಸ್ಪತ್ರೆಗೆ ಹೋಗು" ಎನ್ನುತ್ತಾರೆ. ಹೋಗದಿದ್ದರೆ ಬೈಯುತ್ತಾರೆ.

ಕಂಪನಿಯಲ್ಲಿ ಏನಾಯಿತು ಎಂಬುದನ್ನೂ ಹೇಳಬೇಕು. ಮ್ಯಾನೇಜರು ಆಸ್ಪತ್ರೆಗೆ ಬಂದು ನೋಡಿದರು. "ಕಲ್ಲು ಮುಗಿದಿದೆ, ಕನ್ನಡಕ ಬೇಕು ಅಂತ ಒಂದು ಮಾತು ಕೇಳಿದ್ದರೆ ತರಿಸಿ ಕೊಡುತ್ತಿದ್ದೆನಲ್ಲ," ಎಂದರು. ನಿಜವಾಗಿ ಕೊಡುತ್ತಿದ್ದರೋ, ಇಲ್ಲವೋ? ಯಾರಿಗೂ ಗೊತ್ತಿಲ್ಲ. ಕೇಳಿ ನೋಡಿದವರು ಯಾರೂ ಇರಲಿಲ್ಲ. ಕೇಳಲು ಹೆದರುವ ಹಾಗೆ ಮಾತಾಡಿದ್ದು ಮಾತ್ರ ಅವರೇ. ಆ ವಾರವೇ ವರ್ಕ್‌ಶಾಪಿಗೆ ಹೊಸ ಹಸಿರು ಕಲ್ಲು ಬಂತು, ಬದಿಯಲ್ಲಿ ಗಾಳಿಯ ತೂತು ಇದ್ದ ಕನ್ನಡಕ ಬಂತು, ಮಾಸ್ಕಿನ ಪೆಟ್ಟಿಗೆ ಬಂತು. ಕಣ್ಣು ಹೋದ ಮೇಲೆ ಕನ್ನಡಕ ಬಂತು.

ಒಂದೇ ಕಣ್ಣಿನವನಿಗೆ ಗ್ರೈಂಡರ್ ಕೊಡುವುದಿಲ್ಲ ಎಂದರು. ಅದು ಸರಿಯೇ. ದುಗ್ಗುವಿಗೆ ಅಜೀಜಿಯಾದ ರಸ್ತೆ ನಡುವಿನ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುವ ಕೆಲಸ ಸಿಕ್ಕಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲು. ಯಾವ ನೆರಳಿಗಾಗಿ ಬಾಯಿ ಮುಚ್ಚಿಕೊಂಡಿದ್ದನೋ ಆ ನೆರಳು ಹೋಯಿತು, ಅದರ ಜೊತೆ ಕಣ್ಣೂ ಹೋಯಿತು.

ಖಾಲಿ ಕಣ್ಣು ಕಾಣದಿರಲಿ ಎಂದು ಅವನು ಕಪ್ಪು ಕನ್ನಡಕ ಹಾಕತೊಡಗಿದ. ಹಾಗೆ ತೆಗೆಸಿದ ಒಂದು ಫೋಟೋವನ್ನು ಊರಿಗೆ ಹೋಗುವವರ ಕೈಯಲ್ಲಿ ಹೆಂಡತಿ ಅಪ್ಪಿಗೆ ಕಳುಹಿಸಿದ. ಮುಂದಿನ ಸಲ ಫೋನ್ ಮಾಡಿದಾಗ ಅಪ್ಪಿ ನಗುತ್ತಿದ್ದಳು.

"ಎಂತ ಇದು, ಕೂಲಿಂಗ್ ಗ್ಲಾಸ್! ನೆರೆಮನೆಯವರೆಲ್ಲ ಬಂದು ನೋಡಿ ಹೋದ್ರು. ದುಗ್ಗ ಈಗ ಸಾಹುಕಾರ ಆದ ಅಂತ ಹೇಳ್ತಾರೆ. ಮತ್ತೆ ಒಂದು ಸಂಗತಿ. ನಮ್ಮ ಯಜ್ಞೇಶನಿಗೆ ನಿಮ್ಮ ಕಂಪನಿಯದ್ದೇ ವೀಸಾ ಬಂತು. ಮೆಷಿನಿನ ಹಲ್ಲು ಮಸೆಯುವ ಕೆಲಸವಂತೆ. ನೆರಳಿನ ಕೆಲಸ ಅಂತ ನೀವೇ ಹೇಳ್ತಿದ್ರಲ್ಲ!"

ಯಜ್ಞೇಶ ಅಪ್ಪಿಯ ತಮ್ಮ. ದುಗ್ಗುವಿನ ಜಾಗಕ್ಕೇ ಅವನು ಬರುತ್ತಿದ್ದ.

ಅಷ್ಟು ದಿನ ಮನೆಗೆ ಹೇಳದೆ ಇಟ್ಟುಕೊಂಡಿದ್ದ. ಇನ್ನು ಆಗಲಿಲ್ಲ.

"ಅಪ್ಪಿ, ಅದು ಸ್ಟೈಲಿಗೆ ಹಾಕಿದ್ದಲ್ಲ. ನನ್ನ ಎಡಗಣ್ಣು ಇಲ್ಲ."

ಫೋನ್ ಕಾರ್ಡಿನ ಹಣ ಹೋಗುತ್ತಾ ಇತ್ತು. ದುಗ್ಗು ಎಲ್ಲವನ್ನೂ ಹೇಳಿದ. ಬೂದು ಕಲ್ಲು, ನೀರು, ಬಿರುಕು, ಮರಳು ಎಂದ ಸುಳ್ಳು. ಅಪ್ಪಿ ಅಳುತ್ತಿದ್ದಳು. ಅಳು ನಿಂತ ಮೇಲೆ ಕೇಳಿದಳು.

"ಒಂದು ಕನ್ನಡಕ ಕೇಳ್ಲಿಕ್ಕೆ ನಿಮಗೆ ಬಾಯಿ ಇರ್ಲಿಲ್ವಾ?"

ದುಗ್ಗು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಯಜ್ಞೇಶ ಬರ್ಲಿ," ಎಂದಳು ಅಪ್ಪಿ. "ಆದ್ರೆ ಅವ ಕನ್ನಡಕ ಹಾಕದೆ ಆ ಮೆಷಿನ್ ಮುಟ್ಟಿದ್ರೆ ನೀವೇ ಅವನ ಕೆನ್ನೆಗೆ ಎರಡು ಕೊಡಿ. ಅಕ್ಕ ಹೇಳಿದ್ದಾಳೆ ಅಂತ ಹೇಳಿ."

ಯಜ್ಞೇಶ ಬಂದ. ಈಗ ಅವನೇ ಹಲ್ಲು ಮಸೆಯುತ್ತಾನೆ. ಯೂಸುಫ್ ಮೊದಲು ಯಂತ್ರ ನಿಲ್ಲಿಸಿ, ಎಂಜಿನಿನ ಸ್ಪಾರ್ಕ್ ಪ್ಲಗ್ಗಿನ ವಯರ್ ಕಳಚಿ, ಆಮೇಲೆ ಹಲ್ಲು ಬಿಚ್ಚುತ್ತಾನೆ. ಬ್ರಷ್‌ನಿಂದ ಮಣ್ಣು ತೆಗೆದು ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಾನೆ. ಬಿರುಕು ಕಂಡರೆ ಅದು ನೇರ ಕಸದ ಡಬ್ಬಿಗೆ. ಯಜ್ಞೇಶ ಕನ್ನಡಕ, ಮಾಸ್ಕ್ ಹಾಕಿ ಹಸಿರು ಕಲ್ಲಿಗೆ ಹಗುರಾಗಿ ಹಿಡಿಯುತ್ತಾನೆ, ಹಲ್ಲಿನ ಮೊದಲಿನ ಓರೆಯನ್ನು ಬದಲಿಸುವುದಿಲ್ಲ. ಗ್ರೈಂಡರಿನ ಪಕ್ಕದಲ್ಲಿ ಈಗ ನೀರಿನ ಡಬ್ಬಿ ಇಲ್ಲ.

ಊಟದ ಹೊತ್ತಿಗೆ ದುಗ್ಗು ಕೆಲವು ಸಲ ವರ್ಕ್‌ಶಾಪಿನ ಬಾಗಿಲವರೆಗೆ ಬರುತ್ತಾನೆ. ಯಜ್ಞೇಶ ಮಸೆದ ಹಲ್ಲನ್ನು ತೆಗೆದುಕೊಂಡು ಓರೆ ಸರಿಯಿದೆಯೇ ಎಂದು ನೋಡುತ್ತಾನೆ. ಒಮ್ಮೆ ಹಾಗೆ ನೋಡುವಾಗ ಹೇಳಿದ:

"ಅಲಗು ನೋಡ್ಲಿಕ್ಕೆ ಎಲ್ಲರೂ ಒಂದು ಕಣ್ಣು ಮುಚ್ಚಬೇಕು. ನಂಗೆ ಆ ಕೆಲಸ ಉಳಿಯಿತು, ನೋಡು."

ಯಾರೂ ನಗಲಿಲ್ಲ. ಅವನು ಹಲ್ಲನ್ನು ಹಿಂದೆ ಕೊಟ್ಟು ಬಿಸಿಲಿಗೆ ನಡೆದ.

ಓದುತ್ತಿರುವ ಅಣ್ಣಂದಿರೇ, ಓದಿಸಿ ಕೇಳುತ್ತಿರುವ ತಮ್ಮಂದಿರೇ, ಹಲ್ಲನ್ನು ನೀವೇ ಮಸೆಯುವುದು ತಪ್ಪಲ್ಲ. ತಿಳಿದು ಮಸೆಯಿರಿ. ಕಾರ್ಬೈಡಿಗೆ ಹಸಿರು ಕಲ್ಲು, ನೀರು ಬೇಡವೇ ಬೇಡ. ಕಣ್ಣಿಗೆ ಏನಾದರೂ ಹಾರಿದರೆ ಯಾರ ಪ್ರೀತಿಯ ನಾಲಿಗೆಗೂ ಕಣ್ಣು ಕೊಡಬೇಡಿ. ನೋವು ಇಲ್ಲದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳಿದರೆ ಮರಳು ಎನ್ನಬೇಡಿ, ಗ್ರೈಂಡರ್ ಎನ್ನಿ.

ನಾಳೆ ಬೆಳಿಗ್ಗೆ ಸ್ವಿಚ್ ಹಾಕುವ ಮೊದಲು ಒಮ್ಮೆ ನಿಮ್ಮ ಮುಖ ಮುಟ್ಟಿ ನೋಡಿಕೊಳ್ಳಿ. ಅಲ್ಲಿ ಕನ್ನಡಕ ಇಲ್ಲದಿದ್ದರೆ ಗ್ರೈಂಡರ್ ಬಿಟ್ಟು ಆಫೀಸಿಗೆ ನಡೆಯಿರಿ, ಬಾಯಿ ಬಿಟ್ಟು ಕೇಳಿ. ಕೇಳಿದ್ದಕ್ಕೆ ಬಿಸಿಲಿಗೆ ಕಳುಹಿಸಿದರೆ ಬಿಸಿಲಿಗೇ ಹೋಗಿ. ಬಿಸಿಲಿಗೆ ಹೋದವನು ಸಂಜೆ ಎರಡು ಕಣ್ಣು ಇಟ್ಟುಕೊಂಡು ಕೋಣೆಗೆ ಮರಳುತ್ತಾನೆ.